ಕಂದೀಲ ಮೊದಲ ಇಳಿಸು

ಕೊಲ್ಹಾರ ಬಸ್ ಸ್ಟ್ಯಾಂಡಿನ ಎದುರಿನ ಪಂಕ್ಚರ್ ಅಂಗಡಿಯ ಲಾಲೇಸಾಬ, ಡೆಕ್ ಕೆಡೆಟ್ ದಾನೇಶ್ವರಿಗೆ

ಕೂಡು ತಂಗಿ, ಆ ಟ್ರ್ಯಾಕ್ಟರ್ ಟೈರಿನ ಮ್ಯಾಲ ಕೂಡು,
ಸೊಲ್ಲಾಪುರದ ಬಸ್ಸು ಇನ್ನೂ ಅರ್ಧ ತಾಸು ತಡ.
ನಿಮ್ಮಪ್ಪ ಚಹಾ ಹೇಳಾಕ ಹೋಗ್ಯಾನ,
ಅಂವ ಬರೂದ್ರಾಗ ಹೇಳೂದು ಹೇಳಿ ಮುಗಸ್ತೀನಿ.
ಇಪ್ಪತ್ತಾರು ವರ್ಷ ಟ್ಯಾಂಕರಿನಾಗ ಪಂಪ್‌ಮನ್ ಇದ್ದೆ,
ಈಗ ಬರೇ ಟ್ಯೂಬಿನ ಗಾಳಿ ನೋಡತೀನಿ.

ಕಾಲೇಜಿನಾಗ ಕಲಿಸಿದ್ದೆಲ್ಲಾ ಖರೆ.
ನಾ ಹೇಳೂದು ಅದರ ಸಂದ್ಯಾಗಿಂದು.

ಮೊದಲ ಮೂರು ದಿನ ಹೊಟ್ಟಿ ನಿನ್ನ ಮಾತ ಕೇಳೂದಿಲ್ಲ.
ನಾಚಬ್ಯಾಡ. ಕ್ಯಾಪ್ಟನ್ನರೂ ಕಾರ್ಯಾರ, ನಾ ಬಕೀಟ ಹಿಡದೀನಿ.
ಅವ್ವ ಕಟ್ಟಿದ ಕಟಕ ರೊಟ್ಟಿ
ಮುರಕೊಂಡು ಮುರಕೊಂಡು ತಿನ್ನು,
ಹಡಗದ ನಡುವಿಗೆ ಬಾ, ದೂರದ ಗೆರಿ ನೋಡು.
ಇಲ್ಲಿ ಹಿನ್ನೀರಿಗೆ ಆಚಿ ದಂಡಿ ಐತಿ. ಅಲ್ಲಿ ಇಲ್ಲ.
ಅಂಜಿಕಿ ಬರತೈತಿ, ಬರಲಿ.
ಡೋಣಿ ಸಾಲಿನ ಯರಿ ಹೊಲಕ್ಕರ
ದಂಡಿ ಎಲ್ಲಿ ಕಂಡಿತ್ತು ನಮಗ?

ಏಣಿ ಏರುವಾಗ ಎರಡೂ ಕೈ ಕೆಲಸಕ್ಕ ಕೊಡಬ್ಯಾಡ,
ಒಂದು ನಿನ್ನ ಹಂತೇಕ ಇಟ್ಕೋ.
ಬಿಗದ ಹಗ್ಗದ ಸಾಲಿನಾಗ ನಿಂದರಬ್ಯಾಡ.
ನಮ್ಮ ಬೋಸನ್ ಪೆರೇರಾ ಕುಂಟತಿದ್ದ,
ಯಾರೂ ನಗತಿದ್ದಿಲ್ಲ.

ತಿಳೀದಿದ್ರ ‘ಯೆಸ್ ಸರ್’ ಅನಬ್ಯಾಡ.
ಎರಡನೇ ಸಲ ಕೇಳಿದ್ರ ಬೈಗಳ ಬೀಳತಾವ;
ಬೈಗಳ ಜಳಕಾ ಮಾಡಿದ್ರ ಹೋಗತಾವ,
ತಪ್ಪು ವಾಲ್ವ್ ತಿರುವಿದ ಎಣ್ಣಿ ಹೋಗೂದಿಲ್ಲ.
ಅಡಿಗಿಯವನ ಹೆಸರು ಮೊದಲ ದಿನಾನ ಕೇಳು.
ರಾತ್ರಿ ಪಾಳಿಗೆ ನಿಂತಾಗ ಕತ್ತಲಿಗೆ ಕಣ್ಣು ಒಗ್ಗಲಿ,
ಮೊಬೈಲ್ ಕಿಸೇದಾಗ ಸಾಯಲಿ.

ಇಡೀ ಹಡಗಕ್ಕ ಒಬ್ಬಾಕಿನ ಹೆಣ್ಣಮಗಳು ಇರಬಹುದು ನೀ.
ಒಳಗಿಂದ ಚಿಲಕ ಹಾಕೂದು ಪುಕ್ಕಲತನ ಅಲ್ಲ.
ಯಾವನರ ಕೈ ಹಾದಿ ತಪ್ಪಿದ್ರ ಬರದು ಕೊಡು.
ಬಾಯಿಲೆ ಅಂದದ್ದು ಗಾಳಿಗೆ ಹೋಗತೈತಿ,
ತಾರೀಖು ಹಾಕಿದ ಹಾಳಿ ಉಳೀತೈತಿ.

ಈಗ ಇದು.
ಉಳದದ್ದು ಮರತರೂ ನಡೀತೈತಿ, ಇದೊಂದು ಮರೀಬ್ಯಾಡ.

ಹಗೇವು ತಗದಾಗ ನಮ್ಮ ಮುತ್ಯಾ
ಯಾರನ್ನೂ ಒಮ್ಮೆಲೆ ಇಳಿಸತಿದ್ದಿಲ್ಲ.
ಹಗ್ಗಕ್ಕ ಕಂದೀಲ ಕಟ್ಟಿ ಬಿಡತಿದ್ದ.
ಉರದ್ರ ಮನಷ್ಯಾ ಇಳೀಲಿ, ಆರಿದ್ರ ನಾಳೆ.
ಜ್ವಾಳಕ್ಕ ಏನು ಕಾಲ ಅದಾವೇನು ಅಂತಿದ್ದ.

ಟ್ಯಾಂಕ್ ಅಂದ್ರ ಕಬ್ಬಿಣದ ಹಗೇವು.
ಅಲ್ಲಿ ಕಂದೀಲ ಇಳಿಸಿಗಿಳಿಸೀಯವ್ವ, ಹಡಗನ ಸಿಡದೀತು!
ಮೀಟರ್ ಕೊಡತಾರ, ಅದ ನಿನ್ನ ಕಂದೀಲ.

ಫುಜೈರಾದ ಹೊರಗ ಲಂಗರ ಹಾಕಿದ್ದಿವಿ.
ಮೂರನೇ ಟ್ಯಾಂಕಿನಾಗ ಒಬ್ಬ ಬಿದ್ದ.
ಹಳದಿ ಹೆಲ್ಮೆಟ್ ಕಾಣತಿತ್ತು ಮ್ಯಾಲಿಂದ,
ಕೈ ಚಾಚಿದ್ರ ಸಿಗೂವಂಗ.
ನಿನ್ನ ವಯಸ್ಸಿನ ಕೆಡೆಟ್, ರತ್ನಾಗಿರಿ ಕಡೆಯವ, ಸುಹಾಸ,
‘ತಡಿ, ಮಾಸ್ಕ್ ಬರಲಿ’ ಅನ್ನೂದ್ರಾಗ ಇಳದ.

ಇಬ್ಬರಾದ್ರು.

ನಾ ಬಾಯಿ ಮ್ಯಾಲ ನಿಂತಿದ್ದೆ.
ಮುತ್ಯಾನ ಮಾತು ನನ್ನ ಕಾಲ ಹಿಡದಿತ್ತು.
ಅಂಜಿಕಿನೂ ಹಿಡದಿತ್ತು.
ಯಾವುದು ಎಷ್ಟು ಹಿಡದಿತ್ತೋ
ಇನ್ನೂ ಲೆಕ್ಕ ಹತ್ತಿಲ್ಲ.
ಅವರವ್ವ ಫೋನಿನಾಗ ಅಳಲಿಲ್ಲ, ಒಂದ ಕೇಳಿದ್ಲು:
‘ಆವಾಗ ನೀವು ಎಲ್ಲಿ ನಿಂತಿದ್ರಿ?’

ಬಿದ್ದವರು ಯಾರ ಇರಲಿ,
ಒಂದ ತಾಟಿನಾಗ ಉಂಡವರ ಇರಲಿ,
ಗಂಟಿ ಹೊಡಿ, ಒದರು, ಓಡು, ಮಂದಿ ಕೂಡಿಸು.
ಇಳೀಬ್ಯಾಡ.
ಮ್ಯಾಲ ನಿಂತಾಕಿಗೆ ಜಗತ್ತು ಏನರ ಅನ್ನಲಿ.

ಬಂದಾ ನೋಡು ನಿಮ್ಮಪ್ಪ, ಅರ್ಧ ಚಹಾ ಚೆಲ್ಲಿಕೊಂಡು.
ಅವನ ಮುಂದ ಇದು ಬ್ಯಾಡ;
ರೊಟ್ಟಿದು ಹೇಳು, ಅಡಿಗಿಯವಂದು ಹೇಳು.

ಅಲ್ಲೋ ಮಾರಾಯಾ, ಮೊಸರಿನ ಗಡಗಿ ಯಾಕ ತಂದಿ?
ಮುಂಬೈದಾಗ ವಿಮಾನ ಹತ್ತಿಸಿಕೊಳ್ಳೂದಿಲ್ಲ ಅದನ್ನ.
ಸೊಲ್ಲಾಪುರ ಮುಟ್ಟೂದ್ರಾಗ ತಿಂದು ಮುಗಸು ತಂಗಿ,
ಗಡಗಿ ಒಗೀಬ್ಯಾಡ.
ಪೆನ್ನು ಇಡಾಕ ಬರತೈತಿ. ಎರಡು ಪೆನ್ನು ಇರಲಿ,
ಕಡಲಾಗ ಎಲ್ಲಾದಕ್ಕೂ ಸಹಿ ಬೇಕು.
ಹಡಗ ಹೊಯ್ದಾಡಿದಾಗ ಉರುಳತಾವ,
ಎದ್ದು ಆರಿಸಿಕೋ.