ಅನುಬಂಧ ನಾಲ್ಕು

"ಬರ್ಕೊ" ಅನ್ನುತ್ತಿದ್ದರು ಸಾಹೇಬರು. ಬರೆಯುತ್ತಿದ್ದೆ.
ಸಾಕ್ಷಿ "ಹೊಡೆದರು" ಅಂದದ್ದು ಅವರ ಬಾಯಲ್ಲಿ
"ತಳ್ಳಾಟವಾಯಿತು" ಎಂದಾಗಿ
ನನ್ನ ಪೆನ್ನಿಗೆ ಇಳಿಯುತ್ತಿತ್ತು.
ಇಪ್ಪತ್ತಾರು ವರ್ಷ, ನಿಸ್ತ್ರು ನದಿಯ ದಡದ ಈ ಕೋರ್ಟಿನಲ್ಲಿ
ಚಿತ್ತಿಲ್ಲದ, ಕಾಟಿಲ್ಲದ ದುಂಡು ಅಕ್ಷರ.

ಈಗ ಬ್ರಸೆಲ್ಸಿನ ದುಡ್ಡಿನಲ್ಲಿ ಒಂದು ಯಂತ್ರ ಬಂದಿದೆ.
ನೀಲಿ ಚೀಟಿ, ಅದರ ಮೇಲೆ ಬಳೆಯಂತೆ ಹನ್ನೆರಡು ಚುಕ್ಕಿ.
ಎಲ್ಲ ಕೇಳಿಸಿಕೊಳ್ಳುತ್ತದೆ: ಕೆಮ್ಮು, ಕುರ್ಚಿಯ ಕಿರುಗು,
ಹೊರಗೆ ಅಕ್ರೋಟು ಉದುರುವ ಸದ್ದು,
ಪಾಂತೆಲೆಯ್ ವಕೀಲರ ಹಸಿದ ಹೊಟ್ಟೆಯ ಗುಡುಗು.
ಯಾವ ಕೇಸು ಯಾರ ಮೇಜಿಗೆ ಅನ್ನುವುದಕ್ಕೂ
ಕಂಪ್ಯೂಟರೇ ಚೀಟಿ ಎತ್ತುತ್ತದೆ.
ಮೊದಲ ವಾರವೆಲ್ಲ ಕರೆಂಟು ಹೋಗಿ ಬಂದು ಮಾಡಿತು;
ಸ್ವಿಚ್ಚು ಎಳೆಯುತ್ತಿದ್ದವರು ಯಾರೆಂದು
ಕಾವಲುಗಾರನ ನಾಯಿಗೂ ಗೊತ್ತಿತ್ತು.

ತರಬೇತಿಗೆ ಬಂದ ಲಿಥುವೇನಿಯಾದ ಹುಡುಗಿ
ಒಂದು ನಮೂನೆ ಕೊಟ್ಟಳು:
ನ್ಯಾಯಾಲಯದಲ್ಲಿ ನಿಮಗೆ ನಂಬಿಕೆ ಎಷ್ಟು, ಒಂದರಿಂದ ಐದು.
ಮೂರಕ್ಕೆ ಸುತ್ತು ಹಾಕಿದೆ.
ಮೂರು ಯಾರನ್ನೂ ನೋಯಿಸುವುದಿಲ್ಲ.

ಆಮೇಲೆ ಸ್ಟ್ರಾಸ್‌ಬರ್ಗಿನಿಂದ ತೀರ್ಪು ಬಂತು.
ಎವ್ದೋಕಿಯಾಳ ಮಗನದು, ಠಾಣೆಯಲ್ಲಿ ತೀರಿಕೊಂಡವನದು.
ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರಲ್ಲ,
ಇಲ್ಲಿ ಸತ್ತವನೇ ಗೆದ್ದಿದ್ದ,
ಹನ್ನೊಂದು ವರ್ಷ ತಡವಾಗಿ,
ಊರ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ.
"ಕೆಳ ನ್ಯಾಯಾಲಯದ ದಾಖಲೆ ನಂಬಲರ್ಹವಲ್ಲ.
ನೋಡಿ, ಅನುಬಂಧ ನಾಲ್ಕು."

ನೋಡಿದೆ.
ನನ್ನದೇ ಹಾಳೆ. ನಕಲಿನ ನಕಲಿನಲ್ಲೂ ಮಾಸದ
ನನ್ನ ದುಂಡು ತಳ್ಳಾಟ.
ಕೆಳಗೆ ರುಜು: ತೆಕ್ಲಾ ಬೊಟ್ನಾರು.
ಸಾಹೇಬರ ಹೆಸರು ಎಲ್ಲೂ ಇರಲಿಲ್ಲ.
ಅವರೀಗ ಪಿಂಚಣಿ ತಗೊಂಡು ಜೇನು ಸಾಕುತ್ತಾರೆ,
ಹಬ್ಬಕ್ಕೆ ಒಂದು ಬಾಟಲಿ ನಮಗೂ ಕಳಿಸುತ್ತಾರೆ.

ಗುರುವಾರ ಆಕೆ ಕಿಟಕಿಗೆ ಬಂದಳು,
ಪರಿಹಾರದ ಅರ್ಜಿಗೆ ಮೊಹರು ಬೇಕಿತ್ತು.
ಕೈಚೀಲದಿಂದ ಆ ಪುಟ ತೆಗೆದು ಮಡಿಕೆ ಬಿಡಿಸಿ
"ಇದನ್ನು ಬರೆದವರು ಇನ್ನೂ ಇಲ್ಲಿದ್ದಾರಾ?" ಕೇಳಿದಳು.

ಯಂತ್ರ ಇರುವುದು ಒಳಗೆ, ಹಾಲಿನಲ್ಲಿ.
ಕಿಟಕಿಯ ಹತ್ತಿರ ಯಾವುದೂ ಇಲ್ಲ.

"ನಾನೇ" ಅಂದೆ.

ತುಂಬ ಹೊತ್ತು ನೋಡಿದಳು,
ನನ್ನನ್ನಲ್ಲ, ಹಾಳೆಯನ್ನು.
"ಅಕ್ಷರ ಚೆನ್ನಾಗಿದೆ" ಅಂದಳು.

ಮೊಹರು ಒತ್ತಿದೆ. ಓರೆಯಾಗಿ ಬಿತ್ತು.