ತೂಕದ ಕೊಕ್ಕೆ

ಬ್ರೆಡ್ಡು, ಸೀಮೆಎಣ್ಣೆ, ಮೀನಿನ ಗಾಳ, ಅಂಚೆಚೀಟಿ
ಇಷ್ಟು ಮಾರುತ್ತೇನೆ.
ಸೆಪ್ಟೆಂಬರ್ ಬಂತೆಂದರೆ ಕರಡಿಗಳನ್ನೂ ತೂಗುತ್ತೇನೆ.
ಅಂಗಡಿಯ ಹಿಂದೆ ಎರಡು ಕಂಬ, ಒಂದು ಅಡ್ಡತೊಲೆ,
ತೊಲೆಗೆ ನನ್ನ ಗಂಡ ಬಿಗಿದಿಟ್ಟು ಹೋದ ಕೊಕ್ಕೆ.
ಸರ್ಕಾರದ ದಪ್ಪ ಪುಸ್ತಕದಲ್ಲಿ ಬರೆಯಬೇಕು:
ಗಂಡೋ ಹೆಣ್ಣೋ, ಎಷ್ಟು ಪೌಂಡು, ಯಾವ ಹೊಳೆಯ ದಡ.
ಕೋರೆಯ ಹಿಂದಿನ ಕಿರುಹಲ್ಲೊಂದನ್ನು ಕಿತ್ತು
ಲಕೋಟೆಗೆ ಹಾಕಬೇಕು.
ಇಕ್ಕಳ ನನ್ನದೇ.

ಆರ್ಮೆಲ್ ಊಯೆಲೆಟ್ ಹನ್ನೊಂದು ಸಂಜೆ ಕೂತಿದ್ದ
ದೇವದಾರು ಜೌಗಿನಾಚೆ, ಮರಕ್ಕೆ ಕಟ್ಟಿದ ಅಟ್ಟಣೆಯಲ್ಲಿ.
ಎದುರಿಗೆ ಸರಪಳಿ ಬಿಗಿದ ಪೀಪಾಯಿ,
ಒಳಗೆ ಹಳಸಿದ ಡೋನಟ್ಟು, ಕಾಕಂಬಿ, ಕರಿದುಳಿದ ಎಣ್ಣೆ.
ಎಲ್ಲ ನನ್ನ ಅಂಗಡಿಯದೇ, ಅರ್ಧ ಬೆಲೆಗೆ.
"ಬರುತ್ತದೆ ಜೊಸೆತ್, ಗುಂಡಿನ ಹೊತ್ತು ಮುಗಿದ ಮೇಲೆ ಬರುತ್ತದೆ,
ಕಾನೂನು ಓದಿಕೊಂಡ ಹಾಗೆ."
ಕಾಫಿ ಕುಡಿಯುತ್ತಿದ್ದ, ಬಿಸ್ಕತ್ತು ಮುಟ್ಟುತ್ತಿರಲಿಲ್ಲ.
ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತು.
ಕಂಡೆ.
ಕೇಳಲಿಲ್ಲ.

ಹನ್ನೆರಡನೆಯ ರಾತ್ರಿ ಬಾಗಿಲು ಬಡಿದ, ಟೊಪ್ಪಿ ಕೈಯಲ್ಲಿ.
"ಬಿತ್ತು. ಎಳೆಯಲು ನನ್ನಿಂದಾಗದು."

ರೇಜಿಸ್, ಕ್ಲೋವಿಸ್, ನಾನು, ಮೂರು ಟಾರ್ಚು.
ಕರಡಿ ನಡೆದರೆ ಒಣಕಡ್ಡಿಯೂ ಮುರಿಯದ ಕಾಡಿನಲ್ಲಿ
ನಾವು ನಡೆದದ್ದು ಮದುವೆ ದಿಬ್ಬಣದಂತೆ.
ಜರೀಗಿಡದ ಅಡಿಯಲ್ಲಿ ರಕ್ತ:
ಟಾರ್ಚಿಗೆ ಕಪ್ಪು, ಬೆರಳಿಗೆ ಕೆಂಪು.
ಸಾಯುವಾಗ ಕರಡಿ ಒಮ್ಮೆ ನರಳುತ್ತದೆ, ಉದ್ದಕ್ಕೆ.
ಅದನ್ನು ಕೇಳಿದವರು ಕೇಳದವರಿಗೆ ಹೇಳುವುದಿಲ್ಲ.
ಆರ್ಮೆಲ್ ಹೇಳಿದ:
"ಯಾರನ್ನೋ ಕರೆಯಲು ಹೋಗಿ
ಹೆಸರು ಮರೆತ ಹಾಗೆ."

ಬಿದ್ದಿತ್ತು, ಸ್ಪ್ರೂಸಿನ ಬೇರಿಗೆ ತಲೆಯಿಟ್ಟು.
ಎದೆಯ ಮೇಲೆ ಬಿಳಿಮಚ್ಚೆ,
ಮೂತಿಯ ಕೂದಲಲ್ಲಿ ಸಕ್ಕರೆಪುಡಿ.
ಒರೆಸಬೇಕೆನಿಸಿತು.
ಹಗ್ಗ ಹೆಗಲಿಗೆ ಹಾಕಿ ಎಳೆದೆವು, ನಾಲ್ಕು ತಾಸು,
ಆರ್ಮೆಲ್ ಮುಂದೆ ನಡೆದು ಬೆಳಕು ಹಿಡಿದ.
ಅವನು ನಿಂತಾಗಲೆಲ್ಲ
ನಮಗೂ ಸುಸ್ತಾದಂತೆ ನಟಿಸಿದೆವು.

ನಾನೂರ ಹನ್ನೆರಡು.
ಕ್ಲೋವಿಸ್ ಶಿಳ್ಳೆ ಹೊಡೆದ.
ಕರಡಿಯನ್ನು ಇಳಿಸಿದ ಮೇಲೆ, ಹುಡುಗಾಟಕ್ಕೆ,
ರೇಜಿಸ್ ಹಗ್ಗದ ಕುಣಿಕೆಯಲ್ಲಿ ಕೂತ: ಇನ್ನೂರ ಆರು.
"ತೂಕದಲ್ಲಿ ಕರಡಿಯ ಅರ್ಧ, ಬುದ್ಧಿಯಲ್ಲಿ ಕಾಲು" ಎಂದೆ.
ಬೆಳಗಿನ ಜಾವಕ್ಕೆ ಎಲ್ಲರಿಗೂ ನಗು ಅಗ್ಗ.
ಆಮೇಲೆ ಆರ್ಮೆಲ್ ಕೂತ.
ತೊಲೆ ಕಿರುಗುಟ್ಟಲೇ ಇಲ್ಲ.
ಮುಳ್ಳು ಸ್ವಲ್ಪ ಅಲುಗಿ ನಿಂತಿತು.
ನೂರ ಇಪ್ಪತ್ತೊಂಬತ್ತು, ಬೂಟು ಸೇರಿ.

ಕ್ಲೋವಿಸ್ ಹಗ್ಗ ಸುತ್ತತೊಡಗಿದ,
ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ.
"ಮುಳ್ಳು ಹಳೆಯದು" ಎಂದೆ.
"ಕರಡಿಗೆ ಸರಿಯಾಗಿತ್ತಲ್ಲ" ಎಂದ ಆರ್ಮೆಲ್,
ಕಾಲು ತೂಗುತ್ತ, ಜೋಕಾಲಿಯ ಹುಡುಗನಂತೆ.

ಚರ್ಮ ಸುಲಿದ ಕರಡಿ ಮನುಷ್ಯನ ಹಾಗೇ ಎನ್ನುತ್ತಾರೆ ಎಲ್ಲರೂ.
ನೂರಾರು ನೋಡಿದ್ದೇನೆ.
ಕರಡಿಯ ಹಾಗೇ ಇರುತ್ತದೆ.
ಪಾದ ಮಾತ್ರ...
ಪಾದ, ಹೌದು.

ಹಲ್ಲನ್ನು ಮರದಂತೆ ಕೊಯ್ದು ಉಂಗುರ ಎಣಿಸುತ್ತಾರಂತೆ,
ಒಂದು ಉಂಗುರಕ್ಕೆ ಒಂದು ಚಳಿಗಾಲದ ನಿದ್ದೆ.
ಮರುವರ್ಷ ಆಗಸ್ಟಿನಲ್ಲಿ ಪತ್ರ ಬಂತು, ಆರ್ಮೆಲ್ ಹೆಸರಿಗೆ,
ಅಂಗಡಿಯ ವಿಳಾಸಕ್ಕೆ: ಇಪ್ಪತ್ತೊಂದು ವರ್ಷ.
ಅವನು ಫೆಬ್ರವರಿಯಲ್ಲೇ ಹೋಗಿದ್ದ.
ನೆಲ ಕಲ್ಲಾಗಿತ್ತು, ಗುದ್ದಲಿ ಇಳಿಯುತ್ತಿರಲಿಲ್ಲ,
ಇಗರ್ಜಿಯ ಹಿಂದಿನ ಕಲ್ಲುಕೋಣೆಯಲ್ಲಿ
ಮೇ ತಿಂಗಳ ತನಕ ಮಲಗಿದ್ದ.

ಅವನು ಕೊಟ್ಟ ಕರಡಿಕೊಬ್ಬು ಕಾಸಿಟ್ಟದ್ದು
ಇನ್ನೂ ಎರಡು ಬಾಟಲಿ ಇದೆ, ಹಿಮದಷ್ಟು ಬಿಳಿ.
ಸೇಬಿನ ಪೈ ಹಿಟ್ಟಿಗೆ ಅದರಂಥದು ಬೇರಿಲ್ಲ.
ಪುಸ್ತಕದಲ್ಲಿ ಅವನ ಸಾಲು ತೆಗೆದು ವಯಸ್ಸು ತುಂಬಿಸಿದೆ.
ಅಂಚಿನಲ್ಲಿ ಪೆನ್ಸಿಲಿನ ನೂರ ಇಪ್ಪತ್ತೊಂಬತ್ತು.
ಆ ರಾತ್ರಿ ಯಾಕೆ ಬರೆದಿದ್ದೆನೋ.
ಅಳಿಸಲು ಹೋಗಿ, ಬಿಟ್ಟೆ.

ಹೊರಗೆ ಪಿಕಪ್ಪು ಬಂದು ನಿಂತಿದೆ,
ಈ ವರ್ಷದ ಮೊದಲನೆಯದು. ಹಾರ್ನು ಹೊಡೆಯುತ್ತಿದ್ದಾರೆ.
ಇಕ್ಕಳ ಎಲ್ಲಿಟ್ಟೆ?