ಅಡ್ಡಗೆರೆಯ ಆಚೆ

ತೀನ್ ಬತ್ತಿಯಲ್ಲಿ ಬಸ್ಸಿಳಿದರೆ ಗಾಳಿಗೆ ಉಪ್ಪು.
ಗೇಟಿನ ಪೋಲೀಸ ನನ್ನ ಡಬ್ಬಿ ಬಿಚ್ಚಿಸಿ
ಕುಂಚಗಳನ್ನು ಒಂದೊಂದೇ ಮೂಸಿದ.
ಅಳಿಲ ಬಾಲದ ಕೂದಲು ಸಾಹೇಬ, ಅಂದೆ. ನಗಲಿಲ್ಲ.
ಬಂಗಾರದ ರೇಕಿನ ಪುಸ್ತಕ ಮಾತ್ರ
ಉಸಿರು ಹಿಡಿದು ತೆರೆದ, ಉಸಿರು ಹಿಡಿದೇ ಮುಚ್ಚಿದ.

ಹೊಸಬರು ಬಂದಿದ್ದಾರೆ. ಹೆಸರು ಬರೆಯಬೇಕು.

ತೇಗದ ಹಲಗೆ, ಗೋಡೆಯ ಮುಕ್ಕಾಲು ಪಾಲು.
ಮೇಲಿನ ಸಾಲು ಓದಲು ಕತ್ತು ಹಿಂದಕ್ಕೆ ಚೆಲ್ಲಬೇಕು:
ಸರ್, ಲಾರ್ಡ್, ಸರ್, ಹಂಗಾಮಿ, ಮತ್ತೆ ಸರ್.
ಅಪ್ಪ, ಮೋನಪ್ಪ ಪತ್ತಾರ,
ಸಿಂದಗಿಯಲ್ಲಿ ತಾಳಿ ಬಡಿಯುತ್ತಿದ್ದವ
ಇಲ್ಲಿಗೆ ಬಂದು ಅಕ್ಷರಕ್ಕೆ ಹೊನ್ನು ಹಚ್ಚಿದ.
‘ಚಿನ್ನ ಅದೇ, ಕೊರಳು ಬ್ಯಾರೆ’ ಅನ್ನುತ್ತಿದ್ದ.

ಮೊದಲು ಪರಳಿನಲ್ಲಿತ್ತಂತೆ ಈ ಕುರ್ಚಿ.
ದೊರೆಸಾನಿಯೊಬ್ಬಳು ಕಾಲರಾಕ್ಕೆ ಹೋದಮೇಲೆ
ಸರಿದು ಸರಿದು ಸಮುದ್ರದ ಅಂಚಿಗೆ ಬಂತು,
ಊರಿನ ಹೊಗೆ, ಊರಿನ ಕೆಮ್ಮು ಎಟುಕದಲ್ಲಿಗೆ.
ಆಗ ಕೂತವನು ಕೆಮ್ಮಿದರೂ ಕಾಯಿದೆ.
ಈಗ ಬೇರೆಯವರು ಬರೆದದ್ದಕ್ಕೆ ಸಹಿ,
ಬೇರೆಯವರು ಬರೆದ ಭಾಷಣಕ್ಕೆ ‘ನನ್ನ ಸರ್ಕಾರ’;
ತನ್ನದು ಅಂತ ಉಳಿದದ್ದು
ಸಹಿ ಹಾಕುವ ಮುಂಚಿನ ಸುಮ್ಮನಿರುವಿಕೆ.
ಅದು ಒಂದು ನಿಮಿಷದ್ದೂ ಇರಬಹುದು,
ಮೂರು ಮಳೆಗಾಲದ್ದೂ.

ಬಿಡುಗಡೆಯಾಗಿ ಐದು ತಿಂಗಳಿಗೆ, ಚಳಿಯ ಜನವರಿಯಲ್ಲಿ,
ಕೊನೆಯ ಬಿಳಿಯನ ಕೆಳಗೆ ನಮ್ಮವರ ಹೆಸರು ಬರೆಯುವಾಗ
ಅಪ್ಪ ಹೆಡ್ ಕ್ಲಾರ್ಕನ್ನು ಕೇಳಿದನಂತೆ:
ಇಲ್ಲಿ ಒಂದು ಗೆರೆ ಎಳೆಯಲೇ?
ಆದೇಶವಿಲ್ಲ, ಅಂದನಂತೆ ಆತ.
ಗೆರೆ ಇಲ್ಲ.
ಆದರೆ ಏಣಿ ಹತ್ತಿ ಹೆಬ್ಬೆರಳು ಇಟ್ಟು ನೋಡಿದ್ದೇನೆ:
ಆ ಎರಡು ಸಾಲಿನ ನಡುವೆ
ಒಂದು ಜೋಳದ ಕಾಳಿನಷ್ಟು ಜಾಗ ಹೆಚ್ಚಿದೆ.

ನನಗೂ ನಿಯಮವೊಂದುಂಟು:
ಹೆಸರು, ಬಂದ ತಾರೀಖು, ಅಡ್ಡಗೆರೆ.
ಅದರಾಚೆ ಖಾಲಿ ಬಿಡಬೇಕು.
ಒಬ್ಬರದು ವಾರ್ನಿಷ್ ಆರುವ ಮೊದಲೇ
ದಿಲ್ಲಿಯಿಂದ ಫೋನು ಬಂದು ಖಾಲಿ ತುಂಬಿತು.

ಬೆಳಿಗ್ಗೆ ಚಾಳಿನ ನಲ್ಲಿಯ ಹತ್ತಿರ ಇಂದೂಬಾಯಿ ಘೋಸಾಳಕರ
‘ಒಳಗೆ ಹೋಗ್ತೀಯಲ್ಲ, ನೋಡಿ ಬಾ’ ಅಂದಿದ್ದಳು.
ಏನು ನೋಡಬೇಕು, ಹೇಳಲಿಲ್ಲ.
ಮಗ ಯೆರವಡಾದಲ್ಲಿ. ದಯಾ ಅರ್ಜಿ ಈ ಮನೆಯಲ್ಲಿ.
ಈ ಹಲಗೆಯ ಮೂರು ಹೆಸರು ದಾಟಿದೆ ಅದು;
ಪ್ರತಿ ಹೆಸರಿನಿಂದಲೂ ಒಂದೇ ಉತ್ತರ:
ಪರಿಶೀಲನೆಯಲ್ಲಿದೆ.

ಅರೆತೆರೆದ ಬಾಗಿಲು. ಉದ್ದನೆಯ ಮೇಜು.
ಕೆಂಪು ದಾರ ಕಟ್ಟಿದ ಕಂತೆಗಳು,
ಮೇಲೊಂದು ಗಾಜಿನ ಗುಂಡು, ಒಳಗೆ ನೀಲಿ ಹೂ.
ಹೊರಗೆ ನವಿಲು ಕೂಗಿತು, ಬೆಕ್ಕಿನ ಹಾಗೆ.
ಯಾವ ಕಂತೆ? ಎದ್ದು ಹೋಗಿ ಕೇಳಬಹುದಿತ್ತೇನೋ.
ಐದನೆಯ ಅಕ್ಷರಕ್ಕೆ ಹಚ್ಚಿದ ಅಂಟು
ಬೆರಳಿಗೆ ಕಚ್ಚುವ ಹದಕ್ಕೆ ಬಂದಿತ್ತು.
ಆ ಹದ ಯಾರಿಗೂ ಕಾಯುವುದಿಲ್ಲ.
ಬೆನ್ನು ತಿರುಗಿಸಿ ರೇಕು ಕೂರಿಸಿದೆ.
ಅಂಟಿನ ಮೇಲೆ ಹೊರಿಸಿದ್ದು ಸುಳ್ಳಲ್ಲ.
ಪೂರ್ತಿ ನಿಜವೂ ಅಲ್ಲ.

ಸಂಜೆ ಚಾಳಿನ ಮೆಟ್ಟಿಲ ಮೇಲೇ ಕಾದಿದ್ದಳು.
‘ಕಿಟಕಿ ಸಮುದ್ರಕ್ಕೆ ತೆರೆಯುತ್ತದೆ’ ಅಂದೆ.
ಹೂಂ, ಅಂದಳು.
ನನ್ನ ಉಗುರಿನ ಸಂದಿಯ ಮಿಣುಕು ನೋಡಿ
ಸೆರಗಿನ ತುದಿಯಿಂದ ಒರೆಸಿದಳು, ಹೋಗಲಿಲ್ಲ.
‘ಹೊಸಬರ ಹೆಸರೇನು? ಸರಿಯಾಗಿ ಬರೆದುಕೊಡು,
ಹಳೆಯ ಅರ್ಜಿಯ ಮೇಲೆ ಹಳಬರದೇ ಇದೆ.’

ಅವಳ ಹಾಸಿಗೆಯ ಮೇಲೆ ಕೂತು ಬಾಲ್‌ಪೆನ್ನಿನಲ್ಲಿ,
ಅವಳು ಓದಬಲ್ಲ ಮರಾಠಿಯಲ್ಲಿ, ದುಂಡಗೆ ಬರೆದೆ.
ಮಾನ್ಯರ ಹೆಸರು. ಕೆಳಗೆ ಮಗನ ಹೆಸರು.
ಒಳಗೆ ಹೋದ ತಾರೀಖು.
ಕೈ ತಾನೇ ಅಡ್ಡಗೆರೆ ಎಳೆಯಿತು,
ಮುಂದೆ ಜಾಗ ಬಿಡುತ್ತ ಹೋಯಿತು.

‘ಅಷ್ಟೊಂದು ಬಿಡಬೇಡ’ ಅಂದಳು ಇಂದೂಬಾಯಿ,
‘ಟಿಕೀಟು ಅಂಟಿಸಬೇಕು ಅಲ್ಲಿ.’